ಎಲೆಗೆ ಅಡ್ಡ ಹಿಡಿದ ಕೈ

ನಮ್ಮ ಮನೆಯ ಚಾವಡಿಯಲ್ಲಿ ಒಂದು ಹಿತ್ತಾಳೆಯ ಹರಿವಾಣ ಇತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ಕತ್ತರಿಸಿದ ಅಡಿಕೆ, ಸುಣ್ಣದ ಡಬ್ಬಿ, ಒಂದು ಮೂಲೆಯಲ್ಲಿ ಹೊಗೆಸೊಪ್ಪಿನ ತುಂಡು. ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಈ ಹರಿವಾಣ. ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಕರ್ನಾಟಕದ ಗಡಿಯ ಕಡೆಗೆ ಹೋಗುವ ದಾರಿಯಲ್ಲಿ ಹಳೆಯ ಮನೆಗಳಲ್ಲೆಲ್ಲ ಇದೇ ಕ್ರಮ. ಮಾತು ಮುಗಿಯುವ ತನಕ ಹರಿವಾಣ ಒಬ್ಬರಿಂದ ಒಬ್ಬರಿಗೆ ಸರಿಯುತ್ತಲೇ ಇರುತ್ತಿತ್ತು. 2018ರ ದೀಪಾವಳಿ ಕಳೆದ ಮರುವಾರ ಅಮ್ಮ ಅದನ್ನು ಹುಣಸೆಹುಳಿ ಹಾಕಿ ತಿಕ್ಕಿ, ಒರೆಸಿ, ಅಟ್ಟಕ್ಕೆ ಏರಿಸಿದರು. ಏರಿಸಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಆ ವಾರ ಅಪ್ಪನ ಎಡಗೆನ್ನೆಯ ಒಳಪದರದಿಂದ ತೆಗೆದ ಚೂರಿನ ವರದಿ ಮಂಗಳೂರಿನಿಂದ ಬಂದಿತ್ತು. ನಾಲ್ಕೈದು ತಿಂಗಳಿಂದ ಮಾಯದೆ ಉಳಿದಿದ್ದ ಹುಣ್ಣು. ಬೇಳೆಸಾರು ತಾಗಿದರೆ ಉರಿಯುತ್ತದೆ ಎನ್ನುತ್ತಿದ್ದರು, ಮತ್ತೆ ಮರೆಯುತ್ತಿದ್ದರು. ವರದಿ ಒಂದೇ ಪುಟ, ಪೂರ್ತಿ ಇಂಗ್ಲಿಷಿನಲ್ಲಿತ್ತು. ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ವೆಲ್ ಡಿಫರೆನ್ಶಿಯೇಟೆಡ್: ಬಾಯಿಯ ಒಂದು ಬಗೆಯ ಕ್ಯಾನ್ಸರ್. ಅಪ್ಪ ಹೈಸ್ಕೂಲು ಮುಗಿಸಿದವರು, ಅಕ್ಷರ ಕೂಡಿಸಿ ಓದಿ, "ವೆಲ್ ಎಂದು ಬರೆದಿದ್ದಾರಲ್ಲ, ಒಳ್ಳೆಯದಿರಬೇಕು" ಎಂದರು. ನಾನು ಕನ್ನಡ ಮಾಧ್ಯಮದ ಮಕ್ಕಳಿಗೆ ಇಪ್ಪತ್ತೆರಡು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು. ಕೋಶ ವಿಭಜನೆಯ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಕರಿಹಲಗೆಯ ಮೇಲೆ ಬಿಡಿಸಬಲ್ಲೆ. ಆದರೂ ಅಪ್ಪನಿಗೆ ಆ ಒಂದು ಸಾಲನ್ನು ಕನ್ನಡದಲ್ಲಿ ಹೇಳಲು ಹೊರಟಾಗ ನನ್ನಲ್ಲಿ ಮಾತೇ ಇರಲಿಲ್ಲ.

ಕೊನೆಗೆ ಹೇಳಿದೆ: "ಕೆನ್ನೆಯ ಒಳಗಿನ ಕೋಶಗಳು ನಿಲ್ಲಬೇಕಾದಲ್ಲಿ ನಿಲ್ಲದೆ ಬೆಳೆಯುತ್ತಿವೆ. ಆದರೆ ತಾವು ಕೆನ್ನೆಯ ಕೋಶಗಳೆಂಬುದನ್ನು ಇನ್ನೂ ಪೂರ್ತಿ ಮರೆತಿಲ್ಲ. ಆ ಮಟ್ಟಿಗೆ ವೆಲ್ ಎಂಬುದು ಒಳ್ಳೆಯದೇ."

ಅಪ್ಪ ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆಯನ್ನು ನೋಡುತ್ತಾ ಕೇಳಿದರು: "ನಿಲ್ಲು ಎಂದು ಅವಕ್ಕೆ ಹೇಳುವುದು ಯಾರು?"

ಈ ಬರಹ ಆ ಪ್ರಶ್ನೆಯ ಬಗ್ಗೆ. ಅಂದು ನಾನು ಕೊಟ್ಟ ಉತ್ತರ ಅರೆಬರೆಯದು. ಆಮೇಲೆ ಓದಿ, ಕೇಳಿ, ಚಾವಡಿಯಲ್ಲಿ ಕುಳಿತು ಅಪ್ಪನಿಗೆ ಕಂತುಕಂತಾಗಿ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಬೆಳವಣಿಗೆಯನ್ನು ಆಶ್ಚರ್ಯವೆಂದು ತಿಳಿಯುತ್ತೇವೆ. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಮಗುವಾಗುವುದನ್ನು ತರಗತಿಯಲ್ಲಿ ನಾನೂ ಬೆರಗಿನಿಂದಲೇ ಹೇಳಿದ್ದೇನೆ. ಈಗ ನನಗೆ ಅದಕ್ಕಿಂತ ದೊಡ್ಡ ಬೆರಗು, ಬೆಳವಣಿಗೆ ನಿಲ್ಲುವುದು. ಅಡಿಕೆ ಸುಲಿಯುವಾಗ ಕತ್ತಿ ತಾಗಿ ಅಂಗೈ ಸೀಳುತ್ತದೆ. ಸುತ್ತಲಿನ ಚರ್ಮದ ಕೋಶಗಳು ಒಡೆದೊಡೆದು ಹೆಚ್ಚುತ್ತವೆ, ಎರಡೂ ದಡಗಳಿಂದ ಮುಂದೊತ್ತಿ ಬರುತ್ತವೆ, ಗಾಯ ಮುಚ್ಚುತ್ತದೆ. ಮುಚ್ಚಿದ ಮೇಲೆ ನಿಲ್ಲುತ್ತವೆ. ಇನ್ನೂ ನಾಲ್ಕು ದಿನ ಬೆಳೆದಿದ್ದರೆ ಅಂಗೈಯಲ್ಲಿ ದಿಬ್ಬ ಏಳುತ್ತಿತ್ತು. ಸಾಮಾನ್ಯವಾಗಿ ಏಳುವುದಿಲ್ಲ. ನಮ್ಮ ದೇಹದಲ್ಲಿ ಸುಮಾರು 37 ಲಕ್ಷ ಕೋಟಿ ಕೋಶಗಳಿವೆ ಎಂಬುದು ಒಂದು ಅಂದಾಜು. ಎಲುಬಿನ ಮಜ್ಜೆ ಪ್ರತಿ ಸೆಕೆಂಡಿಗೆ ಇಪ್ಪತ್ತು ಲಕ್ಷದಷ್ಟು ಕೆಂಪು ರಕ್ತಕಣಗಳನ್ನು ಹುಟ್ಟಿಸುತ್ತದೆ. ಬಾಯಿಯ ಒಳಪದರ ಕೆಲವೇ ವಾರಗಳಲ್ಲಿ ಪೂರ್ತಿ ಹೊಸದಾಗುತ್ತದೆ. ಇಷ್ಟೆಲ್ಲ ಹುಟ್ಟುವಲ್ಲಿ, ಇಷ್ಟೇ ಕಟ್ಟುನಿಟ್ಟಾಗಿ ನಿಲ್ಲುವುದೂ ನಡೆದಿರಲೇಬೇಕು.

ನಿಲ್ಲಿಸುವ ಕೆಲಸಕ್ಕೆ ಬೇರೆಯೇ ವಂಶವಾಹಿಗಳಿವೆ, ಅಂದರೆ ಕೋಶಕ್ಕೆ ಏನು ಮಾಡಬೇಕೆಂದು ಹೇಳುವ ಜೀನ್‌ಗಳು. ಗೆಡ್ಡೆಯನ್ನು ತಡೆಯುವ ವಂಶವಾಹಿಗಳು ಎಂದು ಅವನ್ನು ಕರೆಯುತ್ತಾರೆ. ಪುಸ್ತಕಗಳು ಇವನ್ನು ವಾಹನದ ಬ್ರೇಕಿಗೆ ಹೋಲಿಸುತ್ತವೆ. ನಾನೂ ಹಾಗೆಯೇ ಪಾಠ ಮಾಡಿದ್ದೆ. ಅಪ್ಪನ ಮುಂದೆ ಆ ಹೋಲಿಕೆ ನಿಲ್ಲಲಿಲ್ಲ, ಏಕೆಂದರೆ ಅವರು ವಾಹನ ಓಡಿಸಿದವರಲ್ಲ. ಆಗ ನನಗೆ ನೆನಪಾದದ್ದು ಊಟದ ಪಂಕ್ತಿ.

ನಮ್ಮ ಕಡೆಯ ಜಂಬಾರಗಳಲ್ಲಿ, ಅಂದರೆ ಮನೆಯ ಸಮಾರಂಭಗಳಲ್ಲಿ, ಬಡಿಸುವವರ ಉತ್ಸಾಹವನ್ನು ನೋಡಿಯೇ ತಿಳಿಯಬೇಕು. ಹೋಳಿಗೆ ಎರಡನೆಯ ಸುತ್ತು ಬರುತ್ತದೆ, ಪಾಯಸ ಮೂರನೆಯ ಸುತ್ತು ಬರುತ್ತದೆ. ಉಣ್ಣುವವರು ಎಲೆಗೆ ಅಡ್ಡವಾಗಿ ಕೈ ಹಿಡಿದು "ಸಾಕು, ಸಾಕು" ಎನ್ನದಿದ್ದರೆ ಎಲೆ ತುಂಬಿ ನೆಲಕ್ಕೆ ಹರಿಯುವವರೆಗೂ ಸೌಟು ನಿಲ್ಲದು. ಕೋಶದ ಒಳಗೂ ಹೀಗೆ ಬಡಿಸುವವರಿದ್ದಾರೆ. ಬೆಳೆ, ಒಡೆ, ಹೆಚ್ಚು ಎಂದು ಹೇಳುವ ವಂಶವಾಹಿಗಳು ಅವು, ಅವಿಲ್ಲದಿದ್ದರೆ ಗಾಯ ಮಾಯುವುದಿಲ್ಲ, ಮಗು ಬೆಳೆಯುವುದಿಲ್ಲ. ಎಲೆಗೆ ಅಡ್ಡ ಹಿಡಿದ ಕೈ ಇನ್ನೊಂದು ಬಗೆಯದು. ಅಪ್ಪನಿಗೆ ಇದು ತಟ್ಟನೆ ತಿಳಿಯಿತು. "ಹಾಗಾದರೆ ನನಗೆ ಬಂದದ್ದು ಏನೂ ಇಲ್ಲ, ಇದ್ದ ಕೈ ಹೋದದ್ದು" ಎಂದರು.

ಅಪ್ಪ ಒಂದು ಕ್ಷಣದಲ್ಲಿ ಹೇಳಿದ ಇದನ್ನು ವಿಜ್ಞಾನ ತಿಳಿದುಕೊಳ್ಳಲು ಬಹಳ ಕಾಲ ಹಿಡಿಯಿತು. ಕ್ಯಾನ್ಸರ್ ಎಂದರೆ ಹೊರಗಿನಿಂದ ಬಂದು ಸೇರಿದ ಏನೋ ಒಂದು ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. 1969ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಹೆನ್ರಿ ಹ್ಯಾರಿಸ್ ಮತ್ತು ಅವರ ಜೊತೆಗಾರರು ಇಲಿಯ ಕ್ಯಾನ್ಸರ್ ಕೋಶವನ್ನು ಆರೋಗ್ಯವಂತ ಕೋಶದೊಂದಿಗೆ ಬೆಸೆದು ಒಂದೇ ಕೋಶವಾಗಿಸಿ ನೋಡಿದರು. ಕ್ಯಾನ್ಸರಿನಲ್ಲಿ ಏನೋ ಹೆಚ್ಚುವರಿ ಶಕ್ತಿ ಇರುವುದಾದರೆ ಬೆಸೆದ ಕೋಶವೂ ಗೆಡ್ಡೆಯಾಗಿ ಬೆಳೆಯಬೇಕಿತ್ತು. ಹಾಗಾಗಲಿಲ್ಲ, ಕೋಶ ಪಳಗಿತು. ಕೆಟ್ಟ ಕೋಶ ಕಳೆದುಕೊಂಡಿದ್ದ ಯಾವುದನ್ನೋ ಒಳ್ಳೆಯ ಕೋಶ ತುಂಬಿಕೊಟ್ಟಿತ್ತು. ಇದ್ದದ್ದನ್ನು ಹುಡುಕುವುದು ಸುಲಭ, ಇಲ್ಲದ್ದನ್ನು ಹುಡುಕುವುದು ಕಷ್ಟ. ತೋಟದಲ್ಲಿ ಹೊಸದಾಗಿ ಎದ್ದ ಕಳೆ ಕಣ್ಣಿಗೆ ಬೀಳುವಷ್ಟು ಬೇಗ, ಬೇಲಿಯಲ್ಲಿ ಕಾಣೆಯಾದ ಗೂಟ ಬೀಳುವುದಿಲ್ಲ.

ಎರಡು ವರ್ಷಗಳ ನಂತರ, 1971ರಲ್ಲಿ, ಅಮೆರಿಕದ ಆಲ್‌ಫ್ರೆಡ್ ನಡ್ಸನ್ ಎಂಬ ಮಕ್ಕಳ ವೈದ್ಯರು ಪ್ರಕಟಿಸಿದ ಒಂದು ಚಿಕ್ಕ ಲೇಖನ ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಪ್ರೀತಿಯದು. ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಇದೆ, ಎಳೆಯ ಮಕ್ಕಳಿಗೆ ಬರುವಂಥದ್ದು. ಕೆಲವು ಮಕ್ಕಳಿಗೆ ಎರಡೂ ಕಣ್ಣಿಗೆ ಬರುತ್ತದೆ, ಅದೂ ಬಹಳ ಬೇಗ. ಕೆಲವರಿಗೆ ಒಂದೇ ಕಣ್ಣಿಗೆ, ಸ್ವಲ್ಪ ತಡವಾಗಿ. ನಡ್ಸನ್ ಅಂಥ 48 ಮಕ್ಕಳ ದಾಖಲೆಗಳನ್ನು ಮುಂದಿಟ್ಟುಕೊಂಡು ಕುಳಿತರು. ವಂಶವಾಹಿಯನ್ನು ಕಣ್ಣಿಂದ ನೋಡುವ ಉಪಾಯ ಆಗ ಇರಲಿಲ್ಲ. ಅವರ ಬಳಿ ಇದ್ದದ್ದು ಮಕ್ಕಳ ವಯಸ್ಸು, ಗೆಡ್ಡೆಗಳ ಸಂಖ್ಯೆ ಮತ್ತು ಲೆಕ್ಕ. ಯಾವ ವಯಸ್ಸಿಗೆ ಎಷ್ಟು ಮಕ್ಕಳಲ್ಲಿ ರೋಗ ಕಂಡಿತು ಎಂಬುದನ್ನು ನಕ್ಷೆಗೆ ಇಳಿಸಿದಾಗ ಎರಡು ಗುಂಪುಗಳ ರೇಖೆಗಳು ಬೇರೆ ಬೇರೆಯಾಗಿ ಹೊರಟವು. ಎರಡೂ ಕಣ್ಣಿಗೆ ಬಂದ ಮಕ್ಕಳಲ್ಲಿ ಒಂದೇ ಏಟು ಬಿದ್ದರೆ ಗೆಡ್ಡೆಯಾದಂತೆ, ಒಂದೇ ಕಣ್ಣಿಗೆ ಬಂದವರಲ್ಲಿ ಎರಡು ಏಟು ಬೀಳಬೇಕಾದಂತೆ ಆ ರೇಖೆಗಳು ಹೇಳಿದವು.

ಅದರ ಅರ್ಥವನ್ನು ಅಪ್ಪನಿಗೆ ಪಂಕ್ತಿಯಲ್ಲೇ ಹೇಳಿದೆ. ಉಣ್ಣಲು ಕುಳಿತವರಿಗೆ ಎರಡು ಕೈಗಳಿವೆ. ಹೆಚ್ಚುಕಡಿಮೆ ಪ್ರತಿ ವಂಶವಾಹಿಯೂ ನಮ್ಮಲ್ಲಿ ಹಾಗೆಯೇ ಜೋಡಿಯಾಗಿದೆ, ಒಂದು ಅಮ್ಮನಿಂದ ಬಂದದ್ದು, ಒಂದು ಅಪ್ಪನಿಂದ. ಒಂದು ಕೈ ಸೋತರೂ ಇನ್ನೊಂದನ್ನು ಎಲೆಗೆ ಅಡ್ಡ ಹಿಡಿಯಬಹುದು, ಸೌಟು ನಿಲ್ಲುತ್ತದೆ. ಎರಡೂ ಹೋದರೆ ಮಾತ್ರ ಎಲೆ ತುಂಬಿ ಹರಿಯುತ್ತದೆ. ಒಂದೇ ಕೋಶದಲ್ಲಿ ಎರಡು ಏಟು ಬೀಳುವುದು ಅಪರೂಪ, ಹಾಗಾಗಿ ಸಾಧಾರಣ ಮಗುವಿಗೆ ಈ ರೋಗ ಬರುವುದೇ ಅಪರೂಪ, ಬಂದರೂ ಒಂದೇ ಕಣ್ಣಿಗೆ. ಆದರೆ ಕೆಲವು ಮಕ್ಕಳು ಹುಟ್ಟುವಾಗಲೇ ಪ್ರತಿ ಕೋಶದಲ್ಲೂ ಒಂದು ಕೈ ಇಲ್ಲದೆ ಹುಟ್ಟುತ್ತಾರೆ. ಕಣ್ಣಿನ ಲಕ್ಷಾಂತರ ಕೋಶಗಳಲ್ಲಿ ಯಾವುದೋ ಒಂದಕ್ಕೆ, ಇಲ್ಲವೇ ನಾಲ್ಕಕ್ಕೆ, ಉಳಿದ ಕೈಯೂ ಹೋಗುವುದು ಹೆಚ್ಚುಕಡಿಮೆ ಖಂಡಿತ. ಹದಿನೈದು ವರ್ಷ ಕಳೆದು 1986ರಲ್ಲಿ ಹದಿಮೂರನೆಯ ವರ್ಣತಂತುವಿನ (ಕ್ರೋಮೋಸೋಮಿನ) ಮೇಲೆ ಆ ವಂಶವಾಹಿ ಸಿಕ್ಕಿತು. ಆರ್‌ಬಿ ಎಂದು ಹೆಸರು. ಗೆಡ್ಡೆಗಳಲ್ಲಿ ಅದರ ಎರಡೂ ಪ್ರತಿಗಳು ಕೆಟ್ಟಿದ್ದವು, ನಡ್ಸನ್ ಲೆಕ್ಕದಲ್ಲಿ ಕಂಡಂತೆಯೇ. ಆರ್‌ಬಿ ಮಾಡಿಸುವ ಪ್ರೋಟೀನು, ಕೋಶಕ್ಕೆ ಒಡೆಯಲು ಹುರುಪು ಕೊಡುವ ಇ2ಎಫ್ ಎಂಬ ಇನ್ನೊಂದು ಪ್ರೋಟೀನನ್ನು ತಬ್ಬಿ ಹಿಡಿದಿರುತ್ತದೆ. ಹೊರಗಿನಿಂದ ಸರಿಯಾದ ಸಂದೇಶ ಬಂದಾಗ ಮಾತ್ರ ತೆಕ್ಕೆ ಸಡಿಲಿಸುತ್ತದೆ. ತಬ್ಬುವವರೇ ಇಲ್ಲದಿದ್ದರೆ ಹುರುಪಿಗೆ ಕೊನೆಯಿಲ್ಲ.

ಇಲ್ಲಿ ಒಂದು ಮಾತು, ಓದುವವರಲ್ಲಿ ಎಳೆಯ ಮಕ್ಕಳ ತಂದೆತಾಯಿಗಳಿರಬಹುದು ಎಂಬ ಕಾರಣಕ್ಕೆ. ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಕಣ್ಣಿನ ಪಾಪೆ ಮತ್ತೆ ಮತ್ತೆ ಬೆಳ್ಳಗೆ ಹೊಳೆಯುವಂತೆ ಕಂಡರೆ ಬೆಳಕಿನ ದೋಷವೆಂದು ಬಿಡಬೇಡಿ, ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಬೇಗ ಕಂಡುಹಿಡಿದರೆ ಈ ರೋಗದಿಂದ ಬಹುಪಾಲು ಮಕ್ಕಳು ಬದುಕುಳಿಯುತ್ತಾರೆ.

ಬಾಯಿಯ ಕ್ಯಾನ್ಸರಿನ ಕಥೆಯಲ್ಲಿ ಮುಖ್ಯ ಪಾತ್ರ ಬೇರೆ, ಪಿ53. ಹದಿನೇಳನೆಯ ವರ್ಣತಂತುವಿನ ಮೇಲಿರುವ ವಂಶವಾಹಿ, ಅದು ಮಾಡಿಸುವುದು ಅದೇ ಹೆಸರಿನ, 393 ಅಮೈನೋ ಆಮ್ಲಗಳ ಪ್ರೋಟೀನು. ಮನುಷ್ಯರ ಕ್ಯಾನ್ಸರುಗಳಲ್ಲಿ ಸರಿಸುಮಾರು ಅರ್ಧದಷ್ಟರಲ್ಲಿ ಇದು ಕೆಟ್ಟಿರುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರುಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು. 1979ರಲ್ಲಿ ಹಲವು ತಂಡಗಳು ಇದನ್ನು ಒಟ್ಟೊಟ್ಟಿಗೆ ಕಂಡವು. ಕಂಡದ್ದು ಕ್ಯಾನ್ಸರ್ ಕೋಶಗಳಲ್ಲಿ, ಅದೂ ರಾಶಿ ರಾಶಿಯಾಗಿ. ಸಹಜವಾಗಿಯೇ ಇದನ್ನು ಅಪರಾಧಿಯೆಂದು ತೀರ್ಮಾನಿಸಿದರು, ಬಡಿಸುವವರ ಸಾಲಿಗೆ ಸೇರಿಸಿದರು. ಹತ್ತು ವರ್ಷ ಹಾಗೆಯೇ ನಡೆಯಿತು. ಪ್ರಯೋಗಾಲಯಗಳಲ್ಲಿ ಬಳಸುತ್ತಿದ್ದ ಪ್ರತಿಗಳು ಆಗಲೇ ಕೆಟ್ಟುಹೋದವು ಎಂಬುದು ಗೊತ್ತಾಗಿ, 1989ರ ಹೊತ್ತಿಗೆ ತೀರ್ಪು ತಿರುಗಿತು. ಕಳ್ಳನೆಂದು ಹಿಡಿದವನು ಕಾವಲುಗಾರನಾಗಿದ್ದ, ಕಳ್ಳತನ ನಡೆದ ಮನೆಯಲ್ಲಿ ಬಿದ್ದಿದ್ದದ್ದು ಅವನ ಗಾಯಗೊಂಡ ದೇಹ. ಹತ್ತು ವರ್ಷದ ತಪ್ಪನ್ನು ಒಪ್ಪಿಕೊಂಡು ತಿದ್ದಿ ಬರೆದ ಆ ಜನರ ಬಗ್ಗೆ ನನಗೆ ತುಂಬಾ ಗೌರವವಿದೆ. ತರಗತಿಯಲ್ಲಿ ಈ ಪಾಠವನ್ನು ನಾನು ಎಂದೂ ಅವಸರದಲ್ಲಿ ಮುಗಿಸಿದ್ದಿಲ್ಲ.

ಪಿ53 ಕೆಲಸ ಮಾಡುವ ರೀತಿಯನ್ನು ಅಪ್ಪನಿಗೆ ತಿಳಿಸಲು ನಮ್ಮ ಗುಡ್ಡದ ಸುರಂಗ ಸಹಾಯಕ್ಕೆ ಬಂತು. ಕಾಸರಗೋಡಿನ ಹೊರಗಿನವರಿಗಾಗಿ ಹೇಳುತ್ತೇನೆ: ನಮ್ಮಲ್ಲಿ ಸುರಂಗವೆಂದರೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಬಾವಿ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ, ಒಳಗೆ ಕಲ್ಲಿನಿಂದ ಒಸರುವ ನೀರು ತಾನಾಗಿ ಹೊರಗೆ ಹರಿಯುತ್ತದೆ. ಅಡಿಕೆ ಮರವನ್ನು ಸೀಳಿ, ತಿರುಳು ತೆಗೆದು ಮಾಡಿದ ದಂಬೆಯಲ್ಲಿ ಅದು ತೊಟ್ಟಿಗೆ ಬೀಳುತ್ತದೆ, ತೊಟ್ಟಿಯ ತೂಬಿನಿಂದ ಹೊರಗೆ ಹೋಗುತ್ತಲೇ ಇರುತ್ತದೆ. ನೋಡುವವರಿಗೆ ನೀರು ವ್ಯರ್ಥವೆಂದು ಅನಿಸಬಹುದು. ಆದರೆ ಬೇಕಾದಾಗ ಹೊಸದಾಗಿ ಅಗೆಯಬೇಕಾಗಿಲ್ಲ, ತೂಬಿಗೆ ಬೆಣೆ ಬಡಿದರಾಯಿತು, ನೋಡುನೋಡುತ್ತಿದ್ದಂತೆ ತೊಟ್ಟಿ ತುಂಬುತ್ತದೆ. ಕೋಶವೂ ಹೀಗೆಯೇ ಪಿ53ಅನ್ನು ಬಿಡದೆ ತಯಾರಿಸುತ್ತದೆ, ಬಿಡದೆ ನಾಶಮಾಡುತ್ತದೆ. ಎಂಡಿಎಂ2 ಎಂಬ ಪ್ರೋಟೀನು ಅಲ್ಲಿ ತೂಬು. ನೆಮ್ಮದಿಯ ಕೋಶದಲ್ಲಿ ಒಂದೊಂದು ಪಿ53ರ ಆಯುಷ್ಯ ಕೆಲವು ನಿಮಿಷ ಮಾತ್ರ. ವಂಶವಾಹಿಗಳನ್ನು ಬರೆದಿಟ್ಟಿರುವ ಡಿಎನ್‌ಎಗೆ ಪೆಟ್ಟಾಯಿತೆಂದು ಸುದ್ದಿ ಬಂದ ಕೂಡಲೇ ತೂಬು ಮುಚ್ಚುತ್ತದೆ, ಪಿ53 ತುಂಬಿಕೊಳ್ಳುತ್ತದೆ. ಮೊದಲು ವಿಭಜನೆಯನ್ನು ನಿಲ್ಲಿಸುತ್ತದೆ. ದುರಸ್ತಿಗೆ ಸಮಯ ಕೊಡುತ್ತದೆ. ದುರಸ್ತಿ ಆಗದಷ್ಟು ಕೆಟ್ಟಿದ್ದರೆ ಆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವಂತೆ ಮಾಡುತ್ತದೆ.

ಈ ಕೊನೆಯ ಮಾತಿಗೆ ಅಮ್ಮ ಬೇಸರಪಟ್ಟರು. ಸಾಯಿಸುವುದನ್ನು ಕಾಪಾಡುವುದು ಎಂದು ಹೇಗೆ ಹೇಳುತ್ತೀ ಎಂದು ಕೇಳಿದರು. ಅಪ್ಪ ಉತ್ತರಿಸಿದ್ದು ತೋಟದ ಕಡೆಗೆ ಕೈ ತೋರಿಸಿ. ಅಡಿಕೆ ಮರದ ಹಾಳೆಯನ್ನು ಯಾರೂ ಕೀಳುವುದಿಲ್ಲ. ಸೋಗೆ ಹಳದಿಯಾಗುತ್ತದೆ, ಬುಡ ಕಳಚಿಕೊಳ್ಳುತ್ತದೆ, ಒಂದು ದಿನ ದಡಕ್ಕೆಂದು ಬೀಳುತ್ತದೆ. ಅದು ಬಿದ್ದರೆ ತಾನೇ ಅದರಡಿ ಸುತ್ತಿಕೊಂಡಿದ್ದ ಹಿಂಗಾರ ಬಿಡಿಸಿಕೊಳ್ಳುವುದು? ಗರ್ಭದಲ್ಲಿ ನಮ್ಮ ಬೆರಳುಗಳು ಬಾತುಕೋಳಿಯ ಪಾದದಂತೆ ಅಂಟಿಕೊಂಡಿರುತ್ತವೆ, ನಡುವಿನ ಕೋಶಗಳು ತಾವಾಗಿ ಸತ್ತು ಜಾಗ ಬಿಟ್ಟಾಗ ಐದು ಬೆರಳಾಗುತ್ತದೆ ಎಂದು ನಾನು ಸೇರಿಸಿದೆ. ಅಮ್ಮ ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಪಿ53ರ ವಿಷಯದಲ್ಲಿ ನಡ್ಸನ್ ಲೆಕ್ಕಕ್ಕೆ ಸಣ್ಣ ತಿದ್ದುಪಡಿ ಬೇಕು. ಈ ಪ್ರೋಟೀನು ಒಂಟಿಯಾಗಿ ಕೆಲಸ ಮಾಡುವುದಿಲ್ಲ, ನಾಲ್ಕು ಸೇರಿ ಒಂದಾಗಿ ಡಿಎನ್‌ಎಯನ್ನು ಹಿಡಿಯುತ್ತವೆ. ನಾಲ್ವರು ಬಡಿಗೆ ಕೊಟ್ಟು ಹೊರುವ ಮೆಟ್ಟಿಲುಗಲ್ಲಿನಂತೆ. ಒಬ್ಬ ಎಡವಿದರೆ ಉಳಿದ ಮೂವರ ಬಲವೂ ಕೆಲಸಕ್ಕೆ ಬಾರದು. ಹಾಗಾಗಿ ಜೋಡಿಯಲ್ಲಿ ಒಂದು ಪ್ರತಿ ಕೆಟ್ಟರೂ ತೊಂದರೆ ಶುರುವಾಗಬಹುದು.

ಇನ್ನು ಅಡಿಕೆಯ ವಿಷಯ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಲೇಬೇಕು. ನನ್ನ ಶಾಲೆಯ ಶುಲ್ಕ, ತಮ್ಮನ ಇಂಜಿನಿಯರಿಂಗ್ ಓದು, ಮನೆಯ ಹೆಂಚು, ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆ, ಕೊನೆಗೆ ಅಪ್ಪನ ಈ ಚಿಕಿತ್ಸೆ ಕೂಡ, ಎಲ್ಲವೂ ಚಾಲಿ ಅಡಿಕೆಯ ದುಡ್ಡು. ನಮ್ಮನ್ನು ಸಾಕಿದ್ದು ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆಯಡಿಕೆ ಕ್ಯಾನ್ಸರ್ ತರುತ್ತದೆ ಎಂದಿತು. ಆಗ ನಮ್ಮ ಕಡೆಯವರು ದೋಷವೆಲ್ಲ ಹೊಗೆಸೊಪ್ಪಿನದು ಎಂದುಕೊಂಡೆವು. 2004ರಲ್ಲಿ ಪ್ರಕಟವಾದ ಅದರ ಮುಂದಿನ ವರದಿ ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ, ಬರಿಯ ಅಡಿಕೆಯನ್ನೂ ಮೊದಲನೆಯ ಗುಂಪಿಗೆ, ಅಂದರೆ ಮನುಷ್ಯನಲ್ಲಿ ಕ್ಯಾನ್ಸರ್ ತರುವುದು ಖಚಿತವೆಂದು ತಿಳಿದ ವಸ್ತುಗಳ ಗುಂಪಿಗೆ ಸೇರಿಸಿತು. ಅಡಿಕೆಯನ್ನು ಸುಣ್ಣದೊಂದಿಗೆ ಅಗಿದಾಗ ಬಾಯಿಯಲ್ಲಿ ಆಮ್ಲಜನಕದ ಉಗ್ರರೂಪಗಳು ಹುಟ್ಟುತ್ತವೆ, ಅವು ಡಿಎನ್‌ಎಯ ಅಕ್ಷರಗಳನ್ನು ಕೆಡಿಸುತ್ತವೆ. ಅಡಿಕೆಯ ಅರೆಕೋಲಿನ್ ಮತ್ತಿತರ ಅಂಶಗಳಿಂದ ಕೆನ್ನೆಯ ಒಳಗೆ ನಾರು ಬೆಳೆದು ಬಾಯಿ ತೆರೆಯುವುದೇ ಕಷ್ಟವಾಗುತ್ತದೆ.

ನಮ್ಮ ಊರಿನಲ್ಲಿ ಈ ಮಾತು ಎತ್ತಿದರೆ ಮುಖಗಳು ಗಂಭೀರವಾಗುತ್ತವೆ. ಅಜ್ಜ ತೊಂಬತ್ತು ವರ್ಷ ಎಲೆ ತಿಂದು ಗಟ್ಟಿಯಾಗಿದ್ದರು ಎನ್ನುತ್ತಾರೆ. ಅದು ಸುಳ್ಳಲ್ಲ, ಅಂಥ ಅಜ್ಜಂದಿರನ್ನು ನಾನೂ ಕಂಡಿದ್ದೇನೆ. ಬೆಲೆ ಕುಸಿದರೆ ಗತಿಯೇನು ಎಂಬ ಭಯವನ್ನೂ ಬಲ್ಲೆ. ಎಲೆ ಹಳದಿ ರೋಗ, ಕೊಳೆರೋಗ, ಕಾಡುಹಂದಿ ಇವುಗಳ ನಡುವೆ ಬದುಕುವ ಬೆಳೆಗಾರನಿಗೆ ಇನ್ನೊಂದು ಹೊಡೆತ ತಡೆಯುವ ಶಕ್ತಿಯಿಲ್ಲ. ಆದರೆ ಹೊಡೆತ ಬೀಳುವುದು ಕೋಶದಲ್ಲಿ, ಎಷ್ಟು ಸಲ ಎಂಬ ಲೆಕ್ಕದಲ್ಲಿ. ದಿನಕ್ಕೆ ಎಂಟು ಹತ್ತು ಸಲ, ನಲವತ್ತು ವರ್ಷ, ಒಂದೇ ಕೆನ್ನೆಯ ಒಂದೇ ಮಡಿಕೆಯಲ್ಲಿ. ಕೆಲವರಿಗೆ ಆ ಏಟು ಕೈತಪ್ಪಿ ಬೇರೆಲ್ಲೋ ಬೀಳುತ್ತದೆ, ಕೆಲವರಿಗೆ ಪಿ53ರ ಮೇಲೆ ಬೀಳುತ್ತದೆ. ಬೆಳೆಗಾರನ ಪರ ನಿಲ್ಲುವುದಕ್ಕೂ ಅಗಿಯುವವನಿಗೆ ನಿಜ ಹೇಳುವುದಕ್ಕೂ ನಡುವೆ ಒಂದನ್ನೇ ಆರಿಸಬೇಕೆಂದು ನನಗೆ ತೋರುವುದಿಲ್ಲ. ನಮ್ಮ ಮನೆಯಲ್ಲಿ ಎರಡೂ ಒಬ್ಬರೇ.

ನಮ್ಮ ಎಣ್ಮಕಜೆಯ ಸುತ್ತಿನವರು ಕ್ಯಾನ್ಸರ್ ಎಂದ ಕೂಡಲೇ ಕೇಳುವ ಇನ್ನೊಂದು ಪ್ರಶ್ನೆ ಇದೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗುಡ್ಡಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದರ ನೋವು ಹೊತ್ತ ಮನೆಗಳಿಗೆ ನಾನು ಹೋಗಿದ್ದೇನೆ, ಆ ಮಕ್ಕಳಿಗೆ ಪಾಠ ಹೇಳಿದ್ದೇನೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆಯಿತು. ಅಪ್ಪನ ಕೆನ್ನೆಯ ಹುಣ್ಣನ್ನು ಅದರ ಲೆಕ್ಕಕ್ಕೆ ಬರೆಯಲು ಬಂದವರಿದ್ದರು. ನಾನು ಒಪ್ಪಲಿಲ್ಲ. ಹುಣ್ಣು ಎದ್ದದ್ದು ಎಲೆ ಇಟ್ಟುಕೊಳ್ಳುತ್ತಿದ್ದ ಜಾಗದಲ್ಲಿಯೇ. ಆ ಮಕ್ಕಳ ದುಃಖ ಅವರದ್ದಾಗಿಯೇ ಇರಲಿ, ನಮ್ಮದನ್ನು ಅದಕ್ಕೆ ಕಟ್ಟಿ ಭಾರ ಹೆಚ್ಚಿಸುವುದು ಸರಿಯಲ್ಲ.

ಬೆಂಗಳೂರಿನಿಂದ ತಮ್ಮ ಫೋನ್ ಮಾಡಿ ಕೇಳಿದ: "ಅಕ್ಕ, ಇದು ನಮಗೂ ಬರುತ್ತದೆಯೇ? ಮಕ್ಕಳಿಗೆ?" ವಂಶವಾಹಿ ಎಂಬ ಪದವೇ ಆ ಭಯ ಹುಟ್ಟಿಸುತ್ತದೆ, ವಂಶವನ್ನು ಹೊತ್ತು ತರುವುದು ಎಂಬ ಅರ್ಥ ಅದರಲ್ಲಿಯೇ ಇದೆ. ಆದರೆ ಅಪ್ಪನ ಕೆನ್ನೆಯಲ್ಲಿ ಕೆಟ್ಟ ಪ್ರತಿ ಆ ಕೆನ್ನೆಯಲ್ಲಿಯೇ ಕೆಟ್ಟದ್ದು, ನಮಗೆ ಬಂದ ಪ್ರತಿ ಅದಲ್ಲ. ಕ್ಯಾನ್ಸರುಗಳಲ್ಲಿ ಹುಟ್ಟಿನಿಂದ ಬಂದ ದೋಷದಿಂದ ಆಗುವಂಥವು ನೂರರಲ್ಲಿ ಐದರಿಂದ ಹತ್ತು ಮಾತ್ರ. ಅಂಥ ಕುಟುಂಬಗಳೂ ಇವೆ. ಪಿ53ರ ಒಂದು ಪ್ರತಿ ಕೆಟ್ಟೇ ಹುಟ್ಟುವ ಮನೆತನಗಳಿವೆ, ಅಲ್ಲಿ ಮಕ್ಕಳಲ್ಲಿಯೂ ಬೇರೆ ಬೇರೆ ಕ್ಯಾನ್ಸರುಗಳು ಕಾಣಿಸುತ್ತವೆ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಬಿಆರ್‌ಸಿಎ1 ಹದಿನೇಳನೆಯ ವರ್ಣತಂತುವಿನಲ್ಲಿದೆ ಎಂದು 1990ರಲ್ಲಿ ತೋರಿಸಿದವರು ಮೇರಿ ಕ್ಲೇರ್ ಕಿಂಗ್. ಅದೂ ಗೆಡ್ಡೆ ತಡೆಯುವ ವಂಶವಾಹಿಯೇ, ಮುರಿದ ಡಿಎನ್‌ಎಯನ್ನು ಸೇರಿಸುವ ಕೆಲಸ ಅದರದ್ದು. ಒಂದೇ ಮನೆತನದಲ್ಲಿ ಹಲವು ಹೆಂಗಸರಿಗೆ ಎಳೆ ವಯಸ್ಸಿಗೇ ಸ್ತನ ಕ್ಯಾನ್ಸರ್ ಬಂದಿದ್ದರೆ ವೈದ್ಯರಲ್ಲಿ ಆ ಮಾತು ತೆಗೆಯಬೇಕು. ತಮ್ಮನಿಗೆ ಹೇಳಿದ್ದು ಇಷ್ಟೇ: ಗುಟ್ಕಾ ಮುಟ್ಟಬೇಡ.

2018ರ ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಹುಣ್ಣು ಕಾಸಿನಗಲ ಇದ್ದರೂ ತೆಗೆದದ್ದು ಅದರ ಹಲವು ಪಟ್ಟು. ಅಷ್ಟೇಕೆ ಎಂದು ಅಪ್ಪ ನನ್ನನ್ನು ಕೇಳಿದರು. 1953ರಲ್ಲೇ ಅಮೆರಿಕದ ಸ್ಲಾಟರ್ ಮತ್ತು ಜೊತೆಗಾರರು ಬಾಯಿಯ ಕ್ಯಾನ್ಸರುಗಳ ಸುತ್ತಲಿನ ಚೆನ್ನಾಗಿ ಕಾಣುವ ಭಾಗವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದೂ ಸಹಜವಾಗಿಲ್ಲ ಎಂದು ಕಂಡಿದ್ದರು. ಇಡೀ ಹೊಲವೇ ಕೆಟ್ಟಿರುತ್ತದೆ, ಮೊದಲು ಮೊಳೆತದ್ದು ಒಂದು ಕಡೆ, ಎಂಬುದು ಅವರ ಮಾತಿನ ಸಾರ. ಈಗ ಗೊತ್ತಿರುವಂತೆ ಆ ಸುತ್ತಲಿನ ಕೋಶಗಳಲ್ಲಿ ಎಷ್ಟೋ ಸಲ ಪಿ53 ಆಗಲೇ ಕೆಟ್ಟಿರುತ್ತದೆ, ಇನ್ನೊಂದೆರಡು ಏಟಿಗೆ ಕಾಯುತ್ತಿರುತ್ತದೆ. ಇದನ್ನು ಅಡಿಕೆ ಬೆಳೆಗಾರನಿಗೆ ವಿವರಿಸಬೇಕಾಗಿಯೇ ಇಲ್ಲ. ಆಟಿಯ ಮಳೆಯಲ್ಲಿ ಒಂದು ಗೊನೆಯಿಂದ ಕಾಯಿ ಉದುರಿತೆಂದರೆ ಪಕ್ಕದ ಹಸಿರು ಗೊನೆಯನ್ನು ನಂಬುವಂತಿಲ್ಲ. ಕೊಳೆರೋಗ ಅಂಟುವಂಥದ್ದು, ಕ್ಯಾನ್ಸರ್ ಅಂಟುವಂಥದ್ದಲ್ಲ, ಅಷ್ಟು ವ್ಯತ್ಯಾಸ. ಅದಕ್ಕಾಗಿಯೇ ಆಪರೇಷನ್ ಮುಗಿದ ಮೇಲೂ ವರ್ಷಗಟ್ಟಲೆ ತಪಾಸಣೆಗೆ ಹೋಗಬೇಕು, ಮತ್ತೆ ಎಲೆ ಮುಟ್ಟಬಾರದು.

ಆ ತಪಾಸಣೆಗಳಲ್ಲಿ ಒಂದು ತಪ್ಪಿಹೋಯಿತು. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾದ ಕಾರಣ ಗಡಿಯ ರಸ್ತೆಗಳು ಮುಚ್ಚಿದವು, ಕೆಲವು ಕಡೆ ರಸ್ತೆಗೇ ಮಣ್ಣು ಸುರಿದರು. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮೇಲೂ ನಮಗೆ ಆಸ್ಪತ್ರೆಯೆಂದರೆ ಮಂಗಳೂರೇ ಆಗಿತ್ತು. ತಿರುವನಂತಪುರದ ಕ್ಯಾನ್ಸರ್ ಕೇಂದ್ರ ಇರುವುದು ರಾಜ್ಯದ ಇನ್ನೊಂದು ತುದಿಯಲ್ಲಿ. ಕೋಶ ವಿಭಜನೆಯ ಪಾಠದಲ್ಲಿ ತಪಾಸಣಾ ಠಾಣೆಗಳು ಎಂಬ ಮಾತು ಬರುತ್ತದೆ. ಡಿಎನ್‌ಎ ಸರಿಯಾಗಿದೆಯೇ ಎಂದು ನೋಡಿ ಮುಂದೆ ಬಿಡುವ ಹಂತಗಳು ಅವು, ಪಿ53 ಮತ್ತು ಆರ್‌ಬಿ ಅಲ್ಲಿಯೇ ನಿಂತಿರುತ್ತವೆ. ಅದಕ್ಕೆ ನಾನು ವರ್ಷಗಳಿಂದ ಗಡಿಯಲ್ಲಿರುವ ತಲಪಾಡಿಯ ಚೆಕ್‌ಪೋಸ್ಟಿನ ಉದಾಹರಣೆ ಕೊಡುತ್ತಿದ್ದೆ. ಆ ವಸಂತದ ನಂತರ ಕೊಟ್ಟಿಲ್ಲ. ಕೋಶದ ಕಾವಲು ತಡೆಯುವುದು ಒಳಗಿನವರ ಜೀವಕ್ಕಾಗಿ. ಅದು ಪೆಟ್ಟಾದವರನ್ನು ನಿಲ್ಲಿಸಿ ಮೊದಲು ಶುಶ್ರೂಷೆ ಮಾಡುತ್ತದೆ.

ಹೋದ ಕೈಯನ್ನು ಮತ್ತೆ ಕೊಡಲು ಬರುವುದಿಲ್ಲವೇ ಎಂದೂ ಅಪ್ಪ ಕೇಳಿದ್ದುಂಟು. ಹೆಚ್ಚಾಗಿ ಬಡಿಸುವವನ ಸೌಟು ಹಿಡಿಯುವ ಔಷಧಗಳು ಬಂದಿವೆ, ಕೆಲವು ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ. ಇಲ್ಲದ್ದನ್ನು ತುಂಬುವುದು ಅದಕ್ಕಿಂತ ಎಷ್ಟೋ ಕಷ್ಟ. 2003ರಲ್ಲಿ ಚೀನಾ, ಸರಿಯಾದ ಪಿ53 ವಂಶವಾಹಿಯನ್ನು ಪಳಗಿಸಿದ ವೈರಸ್ಸಿನ ಮೇಲೆ ಹೇರಿ ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ಕೊಡಲು ಒಪ್ಪಿಗೆ ನೀಡಿತು. ಅಮೆರಿಕ, ಯುರೋಪುಗಳಲ್ಲಿ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಪ್ರಯತ್ನಗಳು ನಡೆಯುತ್ತಲೇ ಇವೆ.

ಹೋದ ವರ್ಷ ಮುಳ್ಳೇರಿಯದ ಆಚೆ ನೆಂಟರ ತೋಟಕ್ಕೆ ಆನೆಗಳು ನುಗ್ಗಿ, ಒಂದೇ ರಾತ್ರಿಯಲ್ಲಿ ಬಾಳೆಯನ್ನೆಲ್ಲ ತುಳಿದು, ಫಲಕ್ಕೆ ಬಂದಿದ್ದ ಅಡಿಕೆ ಮರಗಳನ್ನು ಉರುಳಿಸಿ ಹೋದವು. ನೋಡಿ ಬಂದ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಅಷ್ಟು ದೊಡ್ಡ ದೇಹ, ಅದಕ್ಕೆ ಈ ರೋಗ ಬರುವುದಿಲ್ಲವೇ?" ಎಂದರು. ಕೋಶಗಳು ಹೆಚ್ಚಿದಷ್ಟೂ ಏಟು ಬೀಳುವ ಸಂದರ್ಭ ಹೆಚ್ಚು, ಹಾಗಾಗಿ ಆನೆಗೆ ನಮಗಿಂತ ಎಷ್ಟೋ ಪಟ್ಟು ಕ್ಯಾನ್ಸರ್ ಬರಬೇಕಿತ್ತು. ಅಷ್ಟು ಬರುವುದಿಲ್ಲ. 2015ರಲ್ಲಿ ಇದರ ಒಂದು ಕಾರಣ ತಿಳಿಯಿತು: ನಮ್ಮಲ್ಲಿ ಒಂದು ಜೋಡಿ ಇರುವ ಪಿ53, ಆನೆಯಲ್ಲಿ ಇಪ್ಪತ್ತರಷ್ಟು ಜೋಡಿ ಇದೆ. ಅವುಗಳಲ್ಲಿ ಬಹುಪಾಲು ಮೂಲದಿಂದ ನಕಲಾಗಿ ರೂಪ ಬದಲಾದ ಪ್ರತಿಗಳು. ಡಿಎನ್‌ಎಗೆ ಪೆಟ್ಟಾದರೆ ಆನೆಯ ಕೋಶ ದುರಸ್ತಿಗೆ ಕಾದು ಕೂರುವುದು ಕಡಿಮೆ, ಬೇಗ ಸಾಯುತ್ತದೆ. ಅಪ್ಪ ನನ್ನ ಮುಖವನ್ನೇ ನೋಡಿದರು. ತೋಟ ಕಳೆದುಕೊಂಡ ನೆಂಟರ ದುಃಖ ಅವರಲ್ಲಿ ಇನ್ನೂ ಇತ್ತು. ಆದರೂ, "ಇಪ್ಪತ್ತು ಜೋಡಿ ಕೈ" ಎಂದು ಮೆಲ್ಲನೆ ಹೇಳಿಕೊಂಡರು.

ಆ ಸಂಜೆ ನನಗೆ ಒಂದು ಪದ ಹೊಳೆಯಿತು. ಇಷ್ಟು ದಿನ ನಾಲಿಗೆಯ ಮೇಲೇ ಇತ್ತು. ಪಂಕ್ತಿಯಲ್ಲಿ ಕೈ ಅಡ್ಡ ಹಿಡಿದು ನಾವು "ಸಾಕು" ಎನ್ನುತ್ತೇವೆ. ಮಗುವನ್ನು, ಕರುವನ್ನು ಸಲಹುವುದಕ್ಕೂ ನಮ್ಮಲ್ಲಿ ಸಾಕು ಎಂದೇ ಹೇಳುವುದು: ಸಾಕುಮಗ, ಸಾಕುತಾಯಿ. ಒಂದೇ ಉಚ್ಚಾರ, ಎರಡು ಪದ. ಪಿ53 ಮಾಡುವ ಕೆಲಸಕ್ಕೆ ಎರಡೂ ಬೇಕು. ಮರುದಿನ ತರಗತಿಯಲ್ಲಿ ಪಠ್ಯದ ಉದ್ದನೆಯ ಹೆಸರನ್ನು ಬರೆದು, ಅದರ ಪಕ್ಕದಲ್ಲಿ ಸಾಕು ವಂಶವಾಹಿ ಎಂದೂ ಬರೆದೆ. ಮಕ್ಕಳು ಎರಡನ್ನೂ ಬರೆದುಕೊಂಡರು.

ಅಪ್ಪ ಪ್ರತಿ ದಿನ ಬೆಳಿಗ್ಗೆ ಕಾಫಿಗೆ ಮೊದಲು ಬಾಯಿ ತೆರೆಯುವ ಅಭ್ಯಾಸ ಮಾಡುತ್ತಾರೆ. ಐಸ್‌ಕ್ರೀಮಿನ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಕೆಲವು ನಿಮಿಷ ಹಿಡಿದು, ಇನ್ನೊಂದನ್ನು ತೂರಿಸುವುದು. ಆಪರೇಷನ್ನಿನ ಬಳಿಕ ಆರಕ್ಕೆ ಶುರುವಾದದ್ದು ಈಗ ಹದಿನಾರಕ್ಕೆ ಬಂದಿದೆ. ಚಾವಡಿಯಲ್ಲಿ ಹರಿವಾಣ ಇದ್ದ ಜಾಗದಲ್ಲಿ ಆ ಕಡ್ಡಿಗಳ ಕಟ್ಟು ಇದೆ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಾರೆ. ಬಂದವರಿಗೆ ಬೆಲ್ಲ ನೀರು ಕೊಡುತ್ತೇವೆ. ಮುಂದಿನ ತಪಾಸಣೆ ಮಂಗಳವಾರ, ಮೊದಲ ಬಸ್ಸಿಗೇ ಹೊರಡಬೇಕು.